ಮ್ಯಾಕ್ಸಿಮಾ ಕ್ಲಾಮ್ ಸೆರಗು ಚಾಚುತ್ತಿಲ್ಲ: ಇದು ಬ್ರಿಸಲ್ ಹುಳುವಿನ ಕಾಟವೇ, ಬೇರೆ ಪರಾವಲಂಬಿಯೇ?

ನೀಲಿಸೆರಗು (ಆಸ್ಟಿನ್, ಟೆಕ್ಸಾಸ್) ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಮೂರು ವರ್ಷಗಳಿಂದ ಇರುವ 90 ಗ್ಯಾಲನ್, ಅಂದರೆ ಸುಮಾರು 340 ಲೀಟರಿನ ಹವಳದ ತೊಟ್ಟಿಯಲ್ಲಿ ಎರಡು ಟ್ರೈಡಾಕ್ನಾ ಕ್ಲಾಮ್‌ಗಳಿವೆ. ಇವು ಎರಡು ಚಿಪ್ಪುಗಳ ನಡುವೆ ಬದುಕುವ ಸಮುದ್ರಜೀವಿಗಳು, ಮ್ಯಾಕ್ಸಿಮಾ ಮತ್ತು ಡೆರಾಸಾ ಎಂಬುದು ಅವುಗಳ ಜಾತಿಯ ಹೆಸರು. ಮೊದಲನೆಯದು ಹದಿನಾಲ್ಕು ತಿಂಗಳಿನಿಂದ ನನ್ನ ಬಳಿ ಇರುವ, ಈಗ 9 ಸೆಂಟಿಮೀಟರ್ ಉದ್ದವಿರುವ ನೀಲಿ ಮ್ಯಾಕ್ಸಿಮಾ. ಎರಡನೆಯದು ಐದು ವಾರಗಳ ಹಿಂದೆ ಅಂಗಡಿಯೊಂದರಿಂದ ತಂದ, 6 ಸೆಂಟಿಮೀಟರಿನ ಡೆರಾಸಾ. ಸಾಕಣೆ ಕೇಂದ್ರದಲ್ಲಿ ಬೆಳೆದದ್ದು ಎಂದು ಅಂಗಡಿಯವರು ಹೇಳಿದ್ದರಿಂದ, ಕೆಲವು ವಾರ ಬೇರೆ ತೊಟ್ಟಿಯಲ್ಲಿ ಇಟ್ಟು ನೋಡುವ ಗೋಜಿಗೆ ಹೋಗದೆ, ಅದೇ ಸಂಜೆ ದೊಡ್ಡ ತೊಟ್ಟಿಗೇ ಬಿಟ್ಟೆ.

ಕಳೆದ ಹತ್ತು ದಿನಗಳಿಂದ ಮ್ಯಾಕ್ಸಿಮಾ ತನ್ನ ಮ್ಯಾಂಟಲನ್ನು, ಅಂದರೆ ಚಿಪ್ಪಿನ ಬಾಯಿಯಿಂದ ಹೊರಚಾಚುವ ಆ ಬಣ್ಣದ ಮಾಂಸದ ಸೆರಗನ್ನು, ಮೊದಲಿನಷ್ಟು ಬಿಚ್ಚುತ್ತಿಲ್ಲ. ಮೊದಲೆಲ್ಲ ಕೈಯ ನೆರಳು ಬಿದ್ದ ಕೂಡಲೇ ಪಟ್ಟನೆ ಮುಚ್ಚಿಕೊಳ್ಳುತ್ತಿದ್ದ ಪ್ರಾಣಿ ಈಗ ಎರಡು ಮೂರು ಸೆಕೆಂಡು ತಡೆದು, ಅದೂ ಅರ್ಧಕ್ಕಷ್ಟೇ ಮುಚ್ಚುತ್ತದೆ. ಡೆರಾಸಾದ ತೊಂದರೆ ಬೇರೆ ಬಗೆಯದು: ಸೆರಗಿನ ಬಹುಭಾಗ ಚೆನ್ನಾಗಿಯೇ ಹರಡಿಕೊಂಡಿದ್ದರೂ, ಒಂದು ಬದಿಯಲ್ಲಿ ಯಾರೋ ಬೆರಳಿನಿಂದ ಚಿವುಟಿ ಹಿಡಿದಂತೆ ಅಂಚು ಒಳಕ್ಕೆ ಸೇದಿಕೊಂಡಿದೆ.

ನೀರಿನ ಲೆಕ್ಕ ಹವಳದ ತೊಟ್ಟಿಗೆ ಇರಬೇಕಾದಂತೆಯೇ ಇದೆ: ಲವಣಾಂಶ 35, ಉಷ್ಣತೆ 25.5 ಡಿಗ್ರಿ ಸೆಲ್ಸಿಯಸ್, ಕ್ಷಾರೀಯತೆ 8.5 ಡಿಕೆಎಚ್, ಕ್ಯಾಲ್ಸಿಯಂ 430, ನೈಟ್ರೇಟ್ 5ರ ಆಸುಪಾಸು. ದೀಪವನ್ನಾಗಲಿ ಕ್ಲಾಮ್‌ಗಳ ಜಾಗವನ್ನಾಗಲಿ ಬದಲಿಸಿಲ್ಲ. ಮೀನುಗಳು ಎರಡು ಕ್ಲೌನ್, ಒಂದು ಹಳದಿ ಟ್ಯಾಂಗ್ ಮತ್ತು ಒಂದು ಗೋಬಿ. ಯಾವುದೂ ಕ್ಲಾಮ್‌ಗಳನ್ನು ಕುಕ್ಕುವುದನ್ನು ನಾನು ಕಂಡಿಲ್ಲ. ಆದರೆ ಮೊನ್ನೆ ರಾತ್ರಿ ನೀರು ಕುಡಿಯಲು ಎದ್ದವನು ಟಾರ್ಚ್ ಹಾಕಿ ನೋಡಿದಾಗ, ಮ್ಯಾಕ್ಸಿಮಾದ ಬುಡದಲ್ಲಿ ಕಲ್ಲಿನ ಸಂದಿಗಳಲ್ಲಿ ಬದುಕುವ ಬೆರಳುದ್ದದ ಬ್ರಿಸಲ್ ಹುಳುವೊಂದು ಚಿಪ್ಪಿನಡಿಗೆ ತಲೆ ಹಾಕಿಕೊಂಡಿತ್ತು. ಇದೇ ಅಪರಾಧಿ ಎಂದು ನನಗೆ ಅನಿಸಿದೆ. ಈ ಹುಳುಗಳನ್ನೆಲ್ಲ ಬೋನಿಟ್ಟು ಹಿಡಿದು ತೆಗೆಯಬೇಕೇ, ಮೀನುಗಳಿಗೆಂದು ತಂದಿಟ್ಟ ತಾಮ್ರದ ಔಷಧಿಯನ್ನು ಕಡಿಮೆ ಪ್ರಮಾಣದಲ್ಲಿ ಬಳಸಬಹುದೇ, ಅಥವಾ ಎಲ್ಲರೂ ಹೇಳುವ ಸಿಹಿನೀರಿನ ಸ್ನಾನವನ್ನು ಎರಡಕ್ಕೂ ಮಾಡಿಸಿಬಿಡಬೇಕೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉಪ್ಪುನೀರು (ಸಿಂಗಪುರ) ಅವರ ಉತ್ತರ

ಮೊದಲು ತಾಮ್ರದ ಬಾಟಲಿಯನ್ನು ಕೈಗೆ ಸಿಗದ ಕಡೆ ಎತ್ತಿಡಿ. ಮೀನಿನ ಮೈಮೇಲಿನ ಪರಾವಲಂಬಿಯನ್ನು ಕೊಲ್ಲಲು ಹಾಕುವ ಪ್ರಮಾಣದ ತಾಮ್ರವು ಕ್ಲಾಮ್, ಬಸವನಹುಳು, ಸೀಗಡಿ, ಹವಳ ಎಲ್ಲವನ್ನೂ ಮುಗಿಸುತ್ತದೆ. ಸಾಲದ್ದಕ್ಕೆ ಕಲ್ಲು ಮತ್ತು ಮರಳಿನಲ್ಲಿ ಸೇರಿಕೊಂಡು ಆಮೇಲೆಯೂ ಸ್ವಲ್ಪ ಸ್ವಲ್ಪವಾಗಿ ನೀರಿಗೆ ಬಿಡುತ್ತಿರುತ್ತದೆ. "ಕಡಿಮೆ ಪ್ರಮಾಣ" ಎಂಬ ಮಾತಿಗೆ ಚಿಪ್ಪುಜೀವಿಗಳ ಮಟ್ಟಿಗೆ ಅರ್ಥವಿಲ್ಲ.

ಇನ್ನು ಬ್ರಿಸಲ್ ಹುಳುವಿನ ವಿಚಾರ. ನಮ್ಮ ತೊಟ್ಟಿಗಳಲ್ಲಿ ಕಾಣುವ ಬ್ರಿಸಲ್ ಹುಳುಗಳಲ್ಲಿ ಹೆಚ್ಚಿನವು ಉಳಿದ ಆಹಾರ, ಮೀನಿನ ಮಲ, ಸತ್ತ ಮಾಂಸ ತಿಂದು ಬದುಕುವ ಜಾಡಮಾಲಿಗಳು. ಕ್ಲಾಮ್ ಸೊರಗಿದಾಗ ಅವು ವಾಸನೆ ಹಿಡಿದು ಬರುತ್ತವೆ. ನಾವು ಎದ್ದು ನೋಡುವ ಹೊತ್ತಿಗೆ ಅವೇ ಸ್ಥಳದಲ್ಲಿರುವುದರಿಂದ ಆರೋಪವೂ ಅವುಗಳ ಮೇಲೆಯೇ ಬೀಳುತ್ತದೆ. ನಿಜಕ್ಕೂ ಹೆದರಬೇಕಾದ ಹುಳು ಒಂದಿದೆ, ಅದರ ಹೆಸರು ಓಯಿನೋನ್ ಫುಲ್ಗಿಡಾ. ಅದು ಕಿತ್ತಳೆ ಬಣ್ಣದ್ದು, ಹೊಳಪುಳ್ಳದ್ದು, ಬದಿಗಳಲ್ಲಿ ಎದ್ದು ಕಾಣುವ ಬಿರುಗೂದಲಿಲ್ಲದ್ದು. ಬೇಟೆಯ ಮೇಲೆ ದಪ್ಪನೆಯ ಲೋಳೆ ಸುರಿಸಿ ತಿನ್ನುತ್ತದೆ. ನೀವು ಕಂಡದ್ದಕ್ಕೆ ಬಿಳಿಯ ಕೂದಲಿನ ಕುಚ್ಚುಗಳಿದ್ದರೆ ಅದು ಇದಲ್ಲ.

ನಿಮ್ಮ ವರ್ಣನೆಯನ್ನು ಓದಿದಾಗ ನನಗೆ ಅನುಮಾನ ಬರುವುದು ಪಿರಮಿಡೆಲಿಡ್ ಜಾತಿಯ ಬಸವನಹುಳುಗಳ ಮೇಲೆ. ಅವು ಅಕ್ಕಿನುಚ್ಚಿನಷ್ಟು ಸಣ್ಣವು, ಬಿಳಿಯವು, ಉದ್ದನೆಯ ಗೋಪುರದಂತೆ ಮೊನಚಾದವು. ದೊಡ್ಡವೆಂದರೂ ನಾಲ್ಕೈದು ಮಿಲಿಮೀಟರ್ ಇರುತ್ತವೆ. ಸಾಮಾನ್ಯ ಬಸವನಹುಳುವಿನಂತೆ ಕೆರೆದು ತಿನ್ನುವ ನಾಲಗೆ ಇವಕ್ಕಿಲ್ಲ. ಉದ್ದನೆಯ ಸೊಂಡಿಲನ್ನು ಚಾಚಿ, ಅದರ ತುದಿಯ ಸೂಜಿಯಂತಹ ಅಂಗವನ್ನು ಕ್ಲಾಮ್‌ನ ಮಾಂಸಕ್ಕೆ ಚುಚ್ಚಿ, ದೇಹದ್ರವವನ್ನು ಪಂಪಿನಂತೆ ಹೀರುತ್ತವೆ. ಒಂದೆರಡು ಇದ್ದರೆ ದೊಡ್ಡ ಕ್ಲಾಮ್‌ಗೆ ತಿಗಣೆ ಕಚ್ಚಿದಷ್ಟೇ ಲೆಕ್ಕ, ಆದರೆ ನಲವತ್ತು ಐವತ್ತಾದರೆ ದಿನದಿನಕ್ಕೂ ಪ್ರಾಣಿ ಬಸವಳಿಯುತ್ತದೆ. ಹಗಲಿನಲ್ಲಿ ಅವು ಚಿಪ್ಪಿನ ಬುಡದಲ್ಲಿ, ಕ್ಲಾಮ್ ಕಲ್ಲಿಗೆ ಅಂಟಿಕೊಳ್ಳುವ ದಾರಗಳು ಹೊರಡುವ ತೂತಿನ ಸುತ್ತ ಅಡಗಿರುತ್ತವೆ, ರಾತ್ರಿ ಮೇಲೆ ಹತ್ತಿ ಸೆರಗಿನ ಅಂಚಿಗೆ ಬರುತ್ತವೆ. ಮ್ಯಾಕ್ಸಿಮಾದಲ್ಲಿ ಆ ತೂತು ದೊಡ್ಡದು, ಡೆರಾಸಾದಲ್ಲಿ ಕಿರಿದು. ಹಾಗಾಗಿ ರೋಗವನ್ನು ಹೊತ್ತು ತಂದದ್ದು ಡೆರಾಸಾವೇ ಆಗಿದ್ದರೂ ಮೊದಲು ನರಳುವುದು ಮ್ಯಾಕ್ಸಿಮಾ ಆಗಬಹುದು.

ದೀಪ ಆರಿ ಎರಡು ಗಂಟೆಯಾದ ಮೇಲೆ ಟಾರ್ಚಿನ ಗಾಜಿಗೆ ಕೆಂಪು ಕಾಗದ ಸುತ್ತಿಕೊಂಡು ನೋಡಿ. ಕ್ಲಾಮ್ ಚಿಕ್ಕ ಕಲ್ಲಿಗೆ ಅಂಟಿಕೊಂಡಿದ್ದರೆ ಕಲ್ಲನ್ನೇ ಎತ್ತಿ ಬುಡವನ್ನು ನೋಡಿ. ದೊಡ್ಡ ಬಂಡೆಗೆ ಅಂಟಿಕೊಂಡಿದ್ದರೆ ಯಾವ ಕಾರಣಕ್ಕೂ ಕಿತ್ತು ಎಳೆಯಬೇಡಿ. ದಾರಗಳು ಬುಡಸಮೇತ ಕಿತ್ತು ಬಂದರೆ ಅವನ್ನು ಹೆಣೆಯುವ ಗ್ರಂಥಿಯೇ ಹರಿಯುತ್ತದೆ, ಹಾಗಾದ ಕ್ಲಾಮ್ ಉಳಿಯುವುದು ಅಪರೂಪ. ಕಲ್ಲಿಗೆ ತಾಗಿದಂತೆ ತೆಳುವಾದ ಬ್ಲೇಡ್ ಆಡಿಸಿ ದಾರಗಳನ್ನು ಮಾತ್ರ ಕೊಯ್ಯಬೇಕು.

ನೀಲಿಸೆರಗು (ಮರುದಿನ)

ಉಪ್ಪುನೀರು ಅವರಿಗೆ ಧನ್ಯವಾದಗಳು. ನಿನ್ನೆ ರಾತ್ರಿ ಹನ್ನೊಂದೂವರೆಗೆ ಕೆಂಪು ಬೆಳಕಿನಲ್ಲಿ ನೋಡಿದೆ. ಮ್ಯಾಕ್ಸಿಮಾದ ಸೆರಗಿನ ಅಂಚಿನ ಗುಂಟ ಮೊಸರನ್ನಕ್ಕೆ ಉದುರಿಸಿದ ತೆಂಗಿನ ತುರಿಯಂತೆ ಬಿಳಿಯ ಕಾಳುಗಳು ಸಾಲಾಗಿ ಕುಳಿತಿದ್ದವು. ನಮ್ಮವರನ್ನು ಎಬ್ಬಿಸಿ ತೋರಿಸಿದೆ. ಅವರು ಆ ಹೋಲಿಕೆಯನ್ನು ಕೇಳಿ, ಇನ್ನೊಂದು ವಾರ ಮನೆಯಲ್ಲಿ ಮೊಸರನ್ನ ಮಾಡುವುದಿಲ್ಲ ಎಂದರು. ಅದೃಷ್ಟಕ್ಕೆ ಕ್ಲಾಮ್ ಅಂಗೈಯಗಲದ ಕಲ್ಲಿನ ಮೇಲಿರುವುದರಿಂದ ಕಲ್ಲಿನೊಂದಿಗೇ ಬಕೆಟ್ಟಿಗೆ ಎತ್ತಿಕೊಂಡು, ಚಿಮುಟದಿಂದ ಒಂದೊಂದನ್ನೇ ತೆಗೆದು ಎಣಿಸಿದೆ, 43 ಸಿಕ್ಕವು. ಚಿಪ್ಪಿನ ಹೊರಮೈಯ ಪದರಗಳ ಸಂದಿಯಲ್ಲಿ ಪಾರದರ್ಶಕವಾದ ಲೋಳೆಯ ಸಣ್ಣ ಹನಿಗಳಂಥವೂ ಇವೆ. ಅವು ಮೊಟ್ಟೆಗಳೇ?

ಡೆರಾಸಾದ ಮೇಲೆ ಇಂತಹ ಕಾಳುಗಳು ಎರಡೇ ಎರಡು ಸಿಕ್ಕವು, ಆದರೆ ಅದರ ಸೆರಗಿನ ಚಿವುಟಿದ ಗುರುತು ಇನ್ನಷ್ಟು ಅಗಲವಾಗಿದೆ. ಎರಡು ಬಸವನಹುಳುಗಳಿಂದ ಇಷ್ಟಾಗಲು ಸಾಧ್ಯವೇ?

ದಕ್ಷಿಣದಲೆ (ಮೆಲ್ಬರ್ನ್) ಅವರ ಉತ್ತರ

ಲೋಳೆಯ ಹನಿಗಳು ಮೊಟ್ಟೆಗಳೇ, ಒಂದೊಂದು ಹನಿಯಲ್ಲೂ ಬಹಳಷ್ಟು ಇರುತ್ತವೆ. ಬಸವನಹುಳುಗಳನ್ನು ಮಾತ್ರ ಹೆಕ್ಕಿ ಇವನ್ನು ಬಿಟ್ಟರೆ ಎರಡು ವಾರಗಳೊಳಗೆ ಕಥೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಹೊಸ ಹಲ್ಲುಜ್ಜುವ ಬ್ರಶ್ ಒಂದನ್ನು ಇದಕ್ಕೆಂದೇ ಇಟ್ಟುಕೊಂಡು, ತೊಟ್ಟಿಯ ನೀರನ್ನೇ ತುಂಬಿದ ಬಕೆಟ್ಟಿನಲ್ಲಿ ಚಿಪ್ಪಿನ ಹೊರಮೈಯನ್ನು, ವಿಶೇಷವಾಗಿ ಪದರಗಳ ಒಳಸಂದಿಗಳನ್ನು ಮತ್ತು ಬುಡದ ತೂತಿನ ಸುತ್ತಲನ್ನು ಉಜ್ಜಿ. ತೂತಿನೊಳಕ್ಕೆ ಬ್ರಶ್ ತೂರಿಸಬಾರದು. ಉಜ್ಜಿದ ನೀರನ್ನು ತೊಟ್ಟಿಗೆ ಮರಳಿ ಸುರಿಯದೆ ಬಚ್ಚಲಿಗೆ ಚೆಲ್ಲಿ. ಮೊದಲ ಎರಡು ವಾರ ಪ್ರತಿ ರಾತ್ರಿ ಹೆಕ್ಕುವುದು, ನಾಲ್ಕು ದಿನಕ್ಕೊಮ್ಮೆ ಉಜ್ಜುವುದು, ಆಮೇಲೆ ಕನಿಷ್ಠ ಇನ್ನೊಂದು ತಿಂಗಳು ವಾರಕ್ಕೆರಡು ಬಾರಿ ನೋಡುವುದು ನನ್ನ ಕ್ರಮ. ಬೇಸರದ ಕೆಲಸ, ಆದರೆ ಇದಕ್ಕಿಂತ ಒಳ್ಳೆಯ ಔಷಧಿಯನ್ನು ನಾನು ಕಂಡಿಲ್ಲ.

ಸಿಕ್ಸ್‌ಲೈನ್ ವ್ರಾಸ್ ಅಥವಾ ಹ್ಯಾಲಿಕೋರಿಸ್ ಜಾತಿಯ ಹಳದಿ, ಹಸಿರು ವ್ರಾಸ್ ಮೀನುಗಳನ್ನು ಬಿಡಿ, ಅವು ಈ ಬಸವನಹುಳುಗಳನ್ನು ತಿನ್ನುತ್ತವೆ ಎಂದು ಮುಂದೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಬಿಡಿ, ಬೇಡವೆನ್ನುವುದಿಲ್ಲ. ಆದರೆ ವ್ರಾಸ್ ಹಗಲಿನ ಮೀನು. ದೀಪ ಆರಿದೊಡನೆ ಹ್ಯಾಲಿಕೋರಿಸ್ ಮರಳಿನಲ್ಲಿ ಹೂತುಕೊಂಡು ಮಲಗುತ್ತದೆ, ಕಳ್ಳರು ಹೊರಗೆ ಬರುವುದು ಅದೇ ಹೊತ್ತಿಗೆ. ಕಾವಲುಗಾರನಿದ್ದಾನೆಂದು ಬೀಗ ಹಾಕದಿರಬಾರದು.

ಇನ್ನು ಡೆರಾಸಾ. ನೀವು ವರ್ಣಿಸಿದ ಚಿವುಟಿದ ಅಂಚನ್ನು ಕ್ಲಾಮ್ ಸಾಕುವವರು "ಪಿಂಚ್ಡ್ ಮ್ಯಾಂಟಲ್" ಎಂದು ಕರೆಯುತ್ತಾರೆ. ಇದು ಬಸವನಹುಳುವಿನ ಕೆಲಸವಲ್ಲ, ನಿಮ್ಮ ತೊಟ್ಟಿಯಲ್ಲಿ ಎರಡು ಬೇರೆ ಬೇರೆ ತೊಂದರೆಗಳು ಒಂದೇ ಕಾಲಕ್ಕೆ ಬಂದಿವೆ. ಏಕಕೋಶ ಪರಾವಲಂಬಿಯೊಂದು ಇದಕ್ಕೆ ಕಾರಣವೆಂಬ ನಂಬಿಕೆಯಿದೆ, ಮತ್ತು ಇದಕ್ಕೆ ನಾನು ಮಾಡುವುದು ಸಿಹಿನೀರಿನ ಸ್ನಾನ. ಆರ್‌ಒ ನೀರನ್ನು ಬಕೆಟ್ಟಿನಲ್ಲಿ ತೆಗೆದುಕೊಂಡು, ಹೀಟರ್ ಇಟ್ಟು ತೊಟ್ಟಿಯ ಉಷ್ಣತೆಗೇ ತಂದು, ಅಡುಗೆ ಸೋಡಾದಿಂದ ಪಿಎಚ್ ಅನ್ನು 8.2ರ ಸುತ್ತಮುತ್ತಲಿಗೆ ಏರಿಸಿ, ಗಾಳಿಕಲ್ಲು ಬಿಟ್ಟು ಚೆನ್ನಾಗಿ ಗಾಳಿಯಾಡಿಸಿಕೊಳ್ಳಬೇಕು. ಕ್ಲಾಮನ್ನು ಇಳಿಸಿದ ಕೂಡಲೇ ಅದು ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ. ನಿಧಾನವಾಗಿ ಓರೆ ಮಾಡಿ ಒಳಗಿನ ಉಪ್ಪುನೀರು ಹೊರಬಂದು ಸಿಹಿನೀರು ಒಳಹೋಗುವಂತೆ ನೋಡಿಕೊಳ್ಳಬೇಕು. ಮೂವತ್ತು ನಿಮಿಷ, ಗಡಿಯಾರ ನೋಡಿಕೊಂಡು. ಬಳಿಕ ನೇರವಾಗಿ ತೊಟ್ಟಿಗೆ ಮರಳಿಸಬಹುದು. ನನ್ನ ನಾಲ್ಕು ಕ್ಲಾಮ್‌ಗಳಲ್ಲಿ ಮೂರು ಒಂದು ವಾರದೊಳಗೆ ಸೆರಗು ಸರಿಪಡಿಸಿಕೊಂಡವು, ನಾಲ್ಕನೆಯದು ಮೂರನೇ ದಿನ ಸತ್ತಿತು. ಅದನ್ನು ನಾನು ತೀರಾ ತಡವಾಗಿ ಸ್ನಾನಕ್ಕೆ ಇಳಿಸಿದ್ದೆ.

ಮ್ಯಾಕ್ಸಿಮಾಕ್ಕೆ ಈ ಸ್ನಾನ ಬೇಡ. ಪಿರಮಿಡೆಲಿಡ್‌ಗಳಿಗೆ ಬಾಯಿಮುಚ್ಚಳವಿರುತ್ತದೆ, ಅದನ್ನು ಮುಚ್ಚಿಕೊಂಡು ಅವು ಅರ್ಧ ಗಂಟೆಯನ್ನು ಕಳೆದುಬಿಡಬಲ್ಲವು, ನರಳುವುದು ಕ್ಲಾಮ್ ಮಾತ್ರ.

ಮರುವಾಯಿ (ಮಂಗಳೂರು) ಅವರ ಉತ್ತರ

ನಾನು ಅಕ್ವೇರಿಯಂ ಸಾಕುವವಳಲ್ಲ, ಮೀನುಗಾರಿಕೆ ಓದುತ್ತಿರುವವಳು. ಚಿಪ್ಪುಜೀವಿಗಳ ರೋಗ ನನ್ನ ಅಧ್ಯಯನದ ವಿಷಯವಾದ್ದರಿಂದ ಎರಡು ಮಾತು ಸೇರಿಸುತ್ತಿದ್ದೇನೆ. ಮರುವಾಯಿ ಎಂಬುದು ನಮ್ಮ ಕರಾವಳಿಯಲ್ಲಿ ಸಾರು, ಸುಕ್ಕ ಮಾಡುವ ಚಿಪ್ಪಿನ ಹೆಸರು. ಟ್ರೈಡಾಕ್ನಾ ಅದರ ಬಲು ದೊಡ್ಡ ದಾಯಾದಿ ಎಂದುಕೊಳ್ಳಬಹುದು.

ಪಿಂಚ್ಡ್ ಮ್ಯಾಂಟಲ್ ಕುರಿತು ಮಾತು ಬಂದಾಗಲೆಲ್ಲ ಪರ್ಕಿನ್ಸಸ್ ಎಂಬ ಏಕಕೋಶ ಜೀವಿಯ ಹೆಸರು ಬರುತ್ತದೆ. ಆ ಜೀವಿ ಕಲ್ಪನೆಯದಲ್ಲ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನ ಟ್ರೈಡಾಕ್ನಾಗಳಲ್ಲಿ ಅದನ್ನು 1980ರ ದಶಕದಲ್ಲೇ ಗುರುತಿಸಲಾಗಿದೆ. ನಮ್ಮ ದೇಶದ ಆಗ್ನೇಯ ಕರಾವಳಿಯ ಮುತ್ತಿನ ಚಿಪ್ಪುಗಳಲ್ಲಿ ಪರ್ಕಿನ್ಸಸ್ ಓಲ್ಸೆನಿ ಇರುವುದು 2010ರಲ್ಲಿ ವರದಿಯಾಗಿದೆ. ಪ್ರಶ್ನೆ ಕೇಳಿದವರ ಟೆಕ್ಸಾಸ್ ಇರುವ ಮೆಕ್ಸಿಕೋ ಕೊಲ್ಲಿಯಲ್ಲಂತೂ ಅದೇ ಕುಲದ ಪರ್ಕಿನ್ಸಸ್ ಮೆರಿನಸ್ ಸಿಂಪಿಗಳನ್ನು ಕೊಲ್ಲುವುದು 1940ರ ದಶಕದಿಂದಲೂ ಗೊತ್ತಿರುವ ಸಂಗತಿ. ಅಲ್ಲಿನ ಸಿಂಪಿ ಬೆಳೆಗಾರರಿಗೆ ಇನ್ನೊಂದು ವಿಷಯವೂ ಗೊತ್ತು: ನದಿಗಳು ತುಂಬಿ ಹರಿದು ಅಳಿವೆಯ ಲವಣಾಂಶ ತಗ್ಗಿದ ವರ್ಷಗಳಲ್ಲಿ ಈ ರೋಗದ ಹಾವಳಿ ತಗ್ಗುತ್ತದೆ. ಸಿಹಿನೀರಿನ ಸ್ನಾನದ ಹಿಂದಿರುವ ತರ್ಕ ಇದನ್ನೇ ಹೋಲುತ್ತದೆ.

ಆದರೆ ದಕ್ಷಿಣದಲೆ ಅವರು ಮನ್ನಿಸಬೇಕು, ನನಗೆ ಇಲ್ಲಿ ಒಂದು ತಕರಾರಿದೆ. ಅಳಿವೆಯಲ್ಲಿ ಲವಣಾಂಶ ತಗ್ಗಿರುವುದು ವಾರಗಟ್ಟಲೆ, ನಿಮ್ಮ ಬಕೆಟ್ಟಿನಲ್ಲಿ ಅರ್ಧ ಗಂಟೆ. ಪರ್ಕಿನ್ಸಸ್ ಇರುವುದು ಮೈಮೇಲಲ್ಲ, ಅಂಗಾಂಶದ ಒಳಗೆ. ಬಿಗಿಯಾಗಿ ಮುಚ್ಚಿಕೊಂಡ ಪ್ರಾಣಿಯ ಮಾಂಸದೊಳಗಿನ ಜೀವಿಯನ್ನು ಮೂವತ್ತು ನಿಮಿಷದ ಸಿಹಿನೀರು ಕೊಲ್ಲುತ್ತದೆ ಎಂಬುದನ್ನು ಒಪ್ಪಲು ನನಗೆ ಕಷ್ಟವಾಗುತ್ತದೆ. ನಿಮ್ಮ ಮೂರು ಕ್ಲಾಮ್‌ಗಳು ಚೇತರಿಸಿಕೊಂಡದ್ದು ಸುಳ್ಳೆಂದು ನಾನು ಹೇಳುತ್ತಿಲ್ಲ. ಅವನ್ನು ಕಾಡುತ್ತಿದ್ದದ್ದು ಸೆರಗಿನ ಮೇಲ್ಮೈಯಲ್ಲೇ ಇರುವ ಬೇರೆ ಯಾವುದೋ ಜೀವಿ ಆಗಿದ್ದಿರಬಹುದು ಎನ್ನುತ್ತಿದ್ದೇನೆ. ಸಿಹಿನೀರು ಹೊರಮೈಯ ಜೀವಿಗಳನ್ನು, ಹಾಗೆಯೇ ಚಿಪ್ಪಿನೊಳಕ್ಕೆ ನುಸುಳಿ ಕ್ಲಾಮನ್ನು ತಿನ್ನುವ ಸ್ಟೈಲೋಕಸ್ ಜಾತಿಯ ಚಪ್ಪಟೆ ಹುಳುಗಳನ್ನು ಉದುರಿಸಬಲ್ಲದು. ಹಾಗಾಗಿ ಸ್ನಾನ ಮುಗಿದ ಮೇಲೆ ಬಕೆಟ್ಟಿನ ತಳವನ್ನು ಭೂತಗನ್ನಡಿ ಹಿಡಿದು ನೋಡುವುದನ್ನು ಮರೆಯಬೇಡಿ. ನಾಣ್ಯದಗಲದ, ಮಾಸಲು ಬಣ್ಣದ, ಎಲೆಯಂತೆ ತೆಳುವಾದದ್ದೇನಾದರೂ ಬಿದ್ದಿದ್ದರೆ ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಸಿಕ್ಕಂತೆ.

ಪರ್ಕಿನ್ಸಸ್ ಹೌದೋ ಅಲ್ಲವೋ ಎಂಬುದು ಕಣ್ಣಳತೆಯಲ್ಲಿ ತೀರ್ಮಾನವಾಗುವ ವಿಷಯವಲ್ಲ. ಪ್ರಾಣಿಯ ಅಂಗಾಂಶದ ತುಣುಕನ್ನು ಥಯೋಗ್ಲೈಕೊಲೇಟ್ ದ್ರಾವಣದಲ್ಲಿ ಸುಮಾರು ಒಂದು ವಾರ ಕತ್ತಲಲ್ಲಿಟ್ಟು, ಆಮೇಲೆ ಲುಗಾಲ್ ಅಯೋಡಿನ್ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಪರ್ಕಿನ್ಸಸ್ ಇದ್ದರೆ ನೀಲಿಗಪ್ಪು ಬಣ್ಣದ ದುಂಡನೆಯ ಕೋಶಗಳು ಕಾಣುತ್ತವೆ. ಜೀವಂತ ಪ್ರಾಣಿಗೆ ಇದನ್ನು ಮನೆಯಲ್ಲಿ ಮಾಡಲಾಗದು, ಆದ್ದರಿಂದ ಡೆರಾಸಾವನ್ನು ಈಗಲೇ ಪ್ರತ್ಯೇಕ ತೊಟ್ಟಿಗೆ ವರ್ಗಾಯಿಸುವುದು ಸ್ನಾನಕ್ಕಿಂತ ಮುಖ್ಯ ಎಂಬುದು ನನ್ನ ಅಭಿಪ್ರಾಯ. ಸ್ನಾನ ಮಾಡಿಸುವುದಾದರೆ ಪ್ರಾಣಿಗೆ ಇನ್ನೂ ಕಸುವಿರುವಾಗ, ಅಂದರೆ ಮುಟ್ಟಿದರೆ ಗಟ್ಟಿಯಾಗಿ ಮುಚ್ಚಿಕೊಳ್ಳುವಾಗಲೇ ಮಾಡಿಸಿ.

ಸಾಕಣೆ ಕೇಂದ್ರದ ಕ್ಲಾಮ್ ಎಂದರೆ ಪರಾವಲಂಬಿರಹಿತ ಎಂದು ಭಾವಿಸಿದ್ದು ತಪ್ಪು. ಪಲಾವ್ ದ್ವೀಪರಾಷ್ಟ್ರದಲ್ಲಿ 1980ರ ದಶಕದಲ್ಲಿ ಡೆರಾಸಾಗಳನ್ನು ದೊಡ್ಡ ಪ್ರಮಾಣದಲ್ಲಿ ಬೆಳೆಸಿದಂದಿನಿಂದ ಇಂದಿನವರೆಗೂ ಪಿರಮಿಡೆಲಿಡ್‌ಗಳು ಆ ಉದ್ಯಮದ ಹಳೆಯ ತಲೆನೋವು. ಸಮುದ್ರದ ಬಂಡೆಯ ಮೇಲೆ ಕ್ಲಾಮ್‌ಗಳು ದೂರ ದೂರ ಕೂತಿರುತ್ತವೆ, ಪಿರಮಿಡೆಲಿಡ್‌ಗಳನ್ನು ತಿನ್ನುವವರೂ ಸುತ್ತ ಇರುತ್ತಾರೆ. ಮರಿಗಳನ್ನು ಒತ್ತೊತ್ತಾಗಿ ಜೋಡಿಸಿದ ತೊಟ್ಟಿಯಲ್ಲಿ ಆ ಎರಡೂ ಇಲ್ಲ. ಸಮುದ್ರಕ್ಕೇ ಇಳಿಸಿದ ಪಂಜರಗಳಲ್ಲಿ ಬೆಳೆಸಿದರೆ ಸೈಮೇಶಿಯಂ ಎಂಬ ಇನ್ನೊಂದು ಬಸವನಹುಳುವಿನ ಕಾಟ. ಅದರ ಲಾರ್ವಾಗಳು ನೀರಿನೊಂದಿಗೆ ತೇಲಿ ಬಂದು ಕ್ಲಾಮ್ ಮರಿಗಳ ನಡುವೆ ನೆಲೆಸಿ, ಅಲ್ಲೇ ತಿಂದು ಬೆಳೆಯುತ್ತವೆ. ಅದು ಬೆರಳ ಗಾತ್ರಕ್ಕೆ ಬೆಳೆಯುವುದರಿಂದ ನಿಮ್ಮ ತೊಟ್ಟಿಯಲ್ಲಿದ್ದರೆ ಇಷ್ಟು ಹೊತ್ತಿಗೆ ಕಣ್ಣಿಗೆ ಬಿದ್ದಿರುತ್ತಿತ್ತು.

ಹೊಸಬ (ಬೆಂಗಳೂರು)

ನಡುವೆ ಪ್ರವೇಶಿಸಿದ್ದಕ್ಕೆ ಕ್ಷಮೆಯಿರಲಿ. ಇಂತಹ ಮ್ಯಾಕ್ಸಿಮಾವನ್ನು ಇಲ್ಲಿ ಸಾಕಬೇಕೆಂದರೆ ಪರಾವಲಂಬಿಗಳಿಲ್ಲದ್ದನ್ನು ಆರಿಸುವುದು ಹೇಗೆ?

ಮರುವಾಯಿ

ಆರಿಸುವ ಪ್ರಶ್ನೆಯೇ ಬರುವುದಿಲ್ಲ. ಟ್ರೈಡಾಕ್ನಾ ಮ್ಯಾಕ್ಸಿಮಾ ಮತ್ತು ಟ್ರೈಡಾಕ್ನಾ ಸ್ಕ್ವಾಮೋಸಾ ಎರಡೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ 2001ರಿಂದ ರಕ್ಷಿತ ಪ್ರಾಣಿಗಳು. ಲಕ್ಷದ್ವೀಪದ ಹವಳದ ಬಂಡೆಗಳಲ್ಲಿ ಅವು ಸಹಜವಾಗಿ ಬದುಕಿವೆ, ನೋಡಬೇಕೆಂದರೆ ಅಲ್ಲಿಗೆ ಹೋಗಿ ನೋಡಿ ಬನ್ನಿ. ಕಾನೂನಿನ ಒಪ್ಪಿಗೆಯಿರುವ ದೇಶಗಳಲ್ಲಿ ಕೂಡ ಈ ಕುಟುಂಬದ ಎಲ್ಲ ಜಾತಿಗಳ ಅಂತರರಾಷ್ಟ್ರೀಯ ವ್ಯಾಪಾರ, ವನ್ಯಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧಕ್ಕೆ ಒಳಪಟ್ಟಿದೆ.

ನೀಲಿಸೆರಗು (ನಾಲ್ಕು ವಾರಗಳ ನಂತರ)

ಎಲ್ಲರ ಸಲಹೆಯಂತೆ ನಡೆದುಕೊಂಡು ಈಗ ವರದಿ ಒಪ್ಪಿಸುತ್ತಿದ್ದೇನೆ. ಮೊದಲು ಕೆಟ್ಟ ಸುದ್ದಿ. ಡೆರಾಸಾವನ್ನು 15 ಗ್ಯಾಲನ್ನಿನ ಬೇರೆ ತೊಟ್ಟಿಗೆ ವರ್ಗಾಯಿಸಿ, ದಕ್ಷಿಣದಲೆ ಅವರು ಹೇಳಿದ ಕ್ರಮದಲ್ಲೇ ಮೂವತ್ತು ನಿಮಿಷ ಸ್ನಾನ ಮಾಡಿಸಿದೆ. ಬಕೆಟ್ಟಿನ ತಳದಲ್ಲಿ ಸೀಗಡಿಯಂತಹ ಪುಟ್ಟ ಜೀವಿಗಳಾದ ಒಂದೆರಡು ಆಂಫಿಪಾಡ್‌ಗಳ ಹೊರತು ಏನೂ ಇರಲಿಲ್ಲ. ಎರಡು ದಿನ ಸೆರಗು ಸ್ವಲ್ಪ ಬಿಚ್ಚಿಕೊಂಡಂತೆ ಕಂಡಿತು, ಆಮೇಲೆ ಮತ್ತೊಂದು ಬದಿಯಲ್ಲೂ ಚಿವುಟಿಕೊಂಡು, ಒಂಬತ್ತನೆಯ ಬೆಳಗ್ಗೆ ಬಾಯಿ ತೆರೆದುಕೊಂಡೇ ಸತ್ತಿತ್ತು. ಆ ತೊಟ್ಟಿಗೆಂದು ದೊಡ್ಡ ತೊಟ್ಟಿಯಿಂದ ತಂದು ಹಾಕಿದ್ದ ಒಂದೇ ಒಂದು ಕಲ್ಲಿನೊಳಗಿಂದ ಏಳು ಬ್ರಿಸಲ್ ಹುಳುಗಳು ಬಂದು ಮಾಂಸದ ಸುತ್ತ ಕುಳಿತಿದ್ದವು. ಹಿಂದಿನ ರಾತ್ರಿ ಹತ್ತು ಗಂಟೆಗೆ ಅಲ್ಲಿ ಒಂದೂ ಇರಲಿಲ್ಲ. ಮೊದಲ ದಿನ ನಾನು ಅವುಗಳ ಮೇಲೆ ಹೊರಿಸಿದ ಆರೋಪವನ್ನು ಈ ಮೂಲಕ ಹಿಂತೆಗೆದುಕೊಳ್ಳುತ್ತಿದ್ದೇನೆ.

ಮ್ಯಾಕ್ಸಿಮಾ ಮಾತ್ರ ಚೇತರಿಸಿಕೊಂಡಿದೆ. ಸೆರಗು ಪೂರ್ತಿ ಹರಡುತ್ತಿದೆ, ನೆರಳು ಬಿದ್ದರೆ ಹಿಂದಿನಂತೆಯೇ ಪಟ್ಟನೆ ಮುಚ್ಚುತ್ತದೆ. ಆದರೆ ಬಸವನಹುಳುಗಳ ಲೆಕ್ಕ ನನ್ನನ್ನು ಗೊಂದಲಕ್ಕೆ ತಳ್ಳಿದೆ. ಮೊದಲ ರಾತ್ರಿ 43 ಇದ್ದದ್ದು ಎರಡನೆಯ ರಾತ್ರಿ 17, ವಾರದ ಕೊನೆಗೆ 6, ಎರಡನೇ ವಾರದ ಕೊನೆಗೆ 3 ಆಯಿತು. ಅಲ್ಲಿಂದ ಮುಂದೆ ಇಳಿಯುತ್ತಲೇ ಇಲ್ಲ. ಪ್ರತಿ ರಾತ್ರಿ ಮೂರೋ ನಾಲ್ಕೋ ಸಿಗುತ್ತವೆ, ಮರುದಿನ ಮತ್ತೆ ಮೂರೋ ನಾಲ್ಕೋ. ಚಿಪ್ಪಿನ ಮೇಲೆ ಮೊಟ್ಟೆಯ ಒಂದು ಹನಿಯೂ ಇಲ್ಲವೆಂಬುದನ್ನು ಭೂತಗನ್ನಡಿಯಲ್ಲಿ ನೋಡಿ ಖಚಿತಪಡಿಸಿಕೊಂಡಿದ್ದೇನೆ. ಇವು ಬರುತ್ತಿರುವುದಾದರೂ ಎಲ್ಲಿಂದ?

ಮರುವಾಯಿ

ಡೆರಾಸಾ ಸತ್ತದ್ದು ಕೇಳಿ ಬೇಸರವಾಯಿತು. ಇನ್ನೊಮ್ಮೆ ಹೀಗಾದರೆ ಮಾಂಸವನ್ನು ಎಸೆಯುವ ಮೊದಲು ಸೆರಗಿನ ಮತ್ತು ಕಿವಿರಿನ ಒಂದೊಂದು ತುಣುಕನ್ನು 95 ಪ್ರತಿಶತ ಎಥನಾಲಿನಲ್ಲಿ ಹಾಕಿಡಿ. ಥಯೋಗ್ಲೈಕೊಲೇಟ್ ಪರೀಕ್ಷೆಗೆ ತಾಜಾ ಮಾಂಸವೇ ಬೇಕಾದರೂ, ಎಥನಾಲಿನಲ್ಲಿಟ್ಟದ್ದರ ಡಿಎನ್‌ಎ ಪರೀಕ್ಷೆಯನ್ನು ಯಾವುದಾದರೂ ವಿಶ್ವವಿದ್ಯಾಲಯದ ಪ್ರಯೋಗಾಲಯ ಮಾಡಿಕೊಡಬಹುದು.

ನಿಮ್ಮ ತೊಟ್ಟಿಯಲ್ಲಿ ಪಾಚಿ ತಿನ್ನಲೆಂದು ಬಿಟ್ಟ ಟ್ರೋಕಸ್, ಟರ್ಬೊ ಅಥವಾ ಆಸ್ಟ್ರಿಯಾ ಬಸವನಹುಳುಗಳು ಇವೆಯೇ? ಪಿರಮಿಡೆಲಿಡ್‌ಗಳಲ್ಲಿ ಹಲವು ಜಾತಿಗಳು ಇಂಥದ್ದೇ ಆಶ್ರಯದಾತ ಬೇಕೆಂದು ಹಟ ಹಿಡಿಯುತ್ತವೆ, ಇನ್ನು ಕೆಲವು ಕ್ಲಾಮ್ ಸಿಗದಿದ್ದರೆ ದೊಡ್ಡ ಬಸವನಹುಳುವಿನ ಚಿಪ್ಪಿನ ಮೇಲೇ ಬಿಡಾರ ಹೂಡಿ ಅದನ್ನೇ ಹೀರುತ್ತವೆ. ನೀವು ದಿನವೂ ಮ್ಯಾಕ್ಸಿಮಾವನ್ನು ಮಾತ್ರ ಹೆಕ್ಕುತ್ತಿದ್ದೀರಿ. ಲೆಕ್ಕ ಒಂದು ಕಡೆ ಬಂದು ನಿಂತಿದೆಯೆಂದರೆ ಹೊರಗಿನಿಂದ ಯಾರೋ ಅಷ್ಟಷ್ಟೇ ಪೂರೈಸುತ್ತಿದ್ದಾರೆ ಎಂದಾಗುತ್ತದೆ. ಎಲ್ಲ ಬಸವನಹುಳುಗಳನ್ನೂ ಹೊರಗೆ ತೆಗೆದು, ಅವುಗಳ ಬಾಯಿಯ ಅಂಚು ಮತ್ತು ಚಿಪ್ಪಿನ ಸುರುಳಿಯ ಸಂದುಗಳನ್ನು ನೋಡಿ.

ಉಪ್ಪುನೀರು

ಮರುವಾಯಿ ಅವರ ಮಾತಿಗೆ ಒಂದು ಎಚ್ಚರಿಕೆಯನ್ನು ಸೇರಿಸುತ್ತೇನೆ. ಗಾಜಿನ ಮೇಲೆ ಹಗಲಲ್ಲೇ ಓಡಾಡುವ ಪುಟ್ಟ ಬಿಳಿಯ ರಿಸೊಯಿನಾ ಬಸವನಹುಳುಗಳು ನೋಡಲು ಹೆಚ್ಚುಕಡಿಮೆ ಪಿರಮಿಡೆಲಿಡ್‌ಗಳಂತೆಯೇ ಇರುತ್ತವೆ, ಅವು ಪಾಚಿ ತಿನ್ನುವ ಸಾಧುಗಳು. ಗಾಜಿನ ಮೇಲೆ ಚದುರಿಕೊಂಡಿರುವವನ್ನು ಬಿಟ್ಟು, ಜೀವಂತ ಪ್ರಾಣಿಯ ಚಿಪ್ಪಿನಂಚಿನಲ್ಲಿ ಗುಂಪುಗಟ್ಟಿ ಕುಳಿತವನ್ನು ಮಾತ್ರ ಹೆಕ್ಕಿ. ತುಂಬ ಅನುಮಾನವಿದ್ದರೆ ಭೂತಗನ್ನಡಿಯಲ್ಲಿ ಮುಖ ನೋಡಿ: ಪಿರಮಿಡೆಲಿಡ್‌ಗಳ ಕಣ್ಣುಗಳು ಎರಡು ಮೀಸೆಗಳ ನಡುವೆ ಒಂದಕ್ಕೊಂದು ಬಲು ಹತ್ತಿರ ಇರುತ್ತವೆ.

ನೀಲಿಸೆರಗು (ಎರಡು ದಿನಗಳ ನಂತರ)

ಹನ್ನೊಂದು ಟ್ರೋಕಸ್ ಬಸವನಹುಳುಗಳನ್ನು ಹೊರತೆಗೆದೆ. ಅವುಗಳಲ್ಲಿ ನಾಲ್ಕರ ಮೇಲೆ ಒಟ್ಟು 29 ಬಿಳಿಯ ಕಾಳುಗಳು, ಮೂರರ ಸುರುಳಿಯ ಸಂದಿನಲ್ಲಿ ಮೊಟ್ಟೆಯ ಲೋಳೆ ಸಿಕ್ಕಿತು. ಒಂದು ಟ್ರೋಕಸ್ ತಲೆಕೆಳಗಾಗಿ ಬಿದ್ದರೆ ಎದ್ದುಕೊಳ್ಳಲಾರದಷ್ಟು ನಿತ್ರಾಣವಾಗಿತ್ತು. ಅದು ವಯಸ್ಸಾಗಿ ಹಾಗಿದೆ ಎಂದು ನಾನು ತಿಂಗಳಿನಿಂದ ತಿಳಿದುಕೊಂಡಿದ್ದೆ. ಹನ್ನೊಂದನ್ನೂ ಉಜ್ಜಿ, ಡೆರಾಸಾ ಇದ್ದ ತೊಟ್ಟಿಯನ್ನು ತೊಳೆದು ಒಣಗಿಸಿ ಹೊಸ ನೀರು ತುಂಬಿ ಅದರಲ್ಲಿ ಬಿಟ್ಟಿದ್ದೇನೆ. ಆರು ವಾರಗಳವರೆಗೆ ಅವು ಅಲ್ಲೇ ಇರುತ್ತವೆ. ನಿನ್ನೆ ರಾತ್ರಿ ಮ್ಯಾಕ್ಸಿಮಾದ ಮೇಲೆ ಒಂದೇ ಒಂದು ಸಿಕ್ಕಿತು.